ಮೂರನೇ ಬಿಸಿನೀರು

ಜನವರಿ 9

ಅಪ್ಪಾ,

ಎರಡು ವರ್ಷದ ಹಿಂದೆ, ತಲೆಯ ಮೇಲೆ ಕಿರೀಟ ಇನ್ನೂ ಇರುವಾಗಲೇ, ಬಣ್ಣದ ಕೋಣೆಯ ನಡುವೆ ನಿಂತು ನೀನು ಶಪಥ ಮಾಡಿದೆ: "ಇವತ್ತಿನಿಂದ ನಿನ್ನ ದನಿ ನನ್ನ ಕಿವಿಗೆ ಬೀಳಕೂಡದು!" ಬಿದ್ದಿಲ್ಲ. ನಾನೂ ನಿನ್ನ ಮಗಳೇ. ಒಂದು ಫೋನೂ ಮಾಡಿಲ್ಲ. ಆದರೆ ಓದುವುದಿಲ್ಲ ಎಂದು ನೀನು ಹೇಳಿರಲಿಲ್ಲ. ಅದಕ್ಕೇ ಈ ಕಾಗದ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನನಗೊಂದು ರೇಡಿಯೇಟರ್ ಬೇಕು.

ನಮ್ಮ ತಂಡದ ದೀಪ, ಸದ್ದು, ಹಿಂಪರದೆಯ ಮೇಲೆ ಓಡುವ ಚಿತ್ರ, ಎಲ್ಲವನ್ನೂ ನಡೆಸುವುದು ನಾನೇ ಜೋಡಿಸಿದ ಒಂದು ಕಂಪ್ಯೂಟರ್. ಎರಡು ಷೂ ಡಬ್ಬಿಯಷ್ಟು ದೊಡ್ಡದು. ವ್ಯಾನಿನಲ್ಲಿ ನನ್ನ ತೊಡೆಯ ಮೇಲೆ ಬರುತ್ತದೆ, ರಂಗದ ಪಕ್ಕದ ಸಂದಿಯಲ್ಲಿ ನನ್ನ ಸ್ಟೂಲಿನ ಕೆಳಗೆ ಕೂರುತ್ತದೆ. ಫ್ಯಾನಿನ ಗಲಾಟೆ ಮುಂದಿನ ಸಾಲಿಗೆ ಕೇಳಬಾರದೆಂದು ಅದನ್ನು ನೀರಿನಿಂದ ತಂಪು ಮಾಡುತ್ತೇನೆ. ಒಂದು ಪುಟ್ಟ ಪಂಪು, ಬಿಸಿಯಾಗುವ ಚಿಪ್‌ಗಳ ಮೇಲೆ ತಾಮ್ರದ ಬಿಲ್ಲೆ, ಕೊಳವೆ, ಒಂದು ತೆಳು ರೇಡಿಯೇಟರ್. ನಿನ್ನ ಅಂಗಡಿಗೆ ಬರುವ ಲಾರಿಗಳ ಹೊಟ್ಟೆಯಲ್ಲಿರುವುದೇ, ಇಲ್ಲಿ ಗೊಂಬೆಯಾಟದಷ್ಟು. ಇಡೀ ಯಂತ್ರಕ್ಕೆ ಒಂದೂವರೆ ಲೋಟ ನೀರು.

ಕಳೆದ ತಿಂಗಳು ಚಿತ್ರಗಳಿಗಾಗಿ ಹೊಸ, ಜೋರು ಕಾರ್ಡು ಹಾಕಿದೆ. ಅದರ ಕಾವನ್ನು ತೆಳು ರೇಡಿಯೇಟರ್ ತಾಳಲಿಲ್ಲ. ಹೋದ ವಾರ ಅರಮನೆಗೆ ಬೆಂಕಿ ಬೀಳುವ ದೃಶ್ಯದಲ್ಲಿ ನೂರು ಡಿಗ್ರಿ ದಾಟಿ, ಡಬ್ಬಿ ತಾನಾಗಿ ಆರಿತು. ಬೆಂಕಿ ಆರಿತು, ದೀಪ ಆರಿತು, ನಾಲ್ಕು ನಿಮಿಷ ಕತ್ತಲೆ. ರಾಣಿಯ ಪಾರ್ಟಿನಾಕೆ ಕತ್ತಲಲ್ಲಿ ಸಿಂಹಾಸನಕ್ಕೆ ಮೊಣಕಾಲು ಕುಟ್ಟಿಕೊಂಡು ಅಂದ ಮಾತು ಯಾವ ನಾಟಕದಲ್ಲೂ ಇಲ್ಲ.

ನಮ್ಮ ನಿರ್ದೇಶಕರು, ಅದೇ ನಿಮ್ಮ ಕಾಲದ ಮೇಷ್ಟ್ರು, ಕರೆದು ಹೇಳಿದರು: "ಏಪ್ರಿಲ್ ನಾಲ್ಕಕ್ಕೆ ಹೊಸ ನಾಟಕ. ಅಷ್ಟರಲ್ಲಿ ನಿನ್ನ ಡಬ್ಬಿ ಮೂರು ಗಂಟೆ ನಿಲ್ದೆ, ಸದ್ದು ಮಾಡ್ದೆ ಓಡ್ಬೇಕು. ಇಲ್ಲಾಂದ್ರೆ ಬಾಡಿಗೆಯವನನ್ನ ಕರೆಸ್ತೀನಿ. ಅವನ ಮಷೀನು, ಅವನ ಕೈ. ನೀನು ಬಾಗಿಲಲ್ಲಿ ಟಿಕೆಟ್ ಹರೀಬಹುದು."

ಟಿಕೆಟ್ ಹರಿಯಲು ನಾನು ಹುಟ್ಟಿಲ್ಲ. ಡಬ್ಬಿಯೊಳಗೆ ಜಾಗವಿದೆ, ಆದರೆ ಒಂದು ಮೂಲೆಯಲ್ಲಿ ವೈರು ಹಾದು ಹೋಗುತ್ತದೆ. ಒಂದು ಮೂಲೆ ಕತ್ತರಿಸಿದ, ದಪ್ಪ ರೇಡಿಯೇಟರ್ ಬೇಕು. ಅಂಥದ್ದು ಯಾರೂ ಮಾರುವುದಿಲ್ಲ. ಮಾಡಬಲ್ಲವನು ನನಗೆ ಗೊತ್ತಿರುವಂತೆ ಒಬ್ಬನೇ. ಮಾಡುತ್ತೀಯೋ ಇಲ್ಲವೋ?

ನಿನ್ನ ಮಗಳು,
ಸಿಡುಕಿ


ಜನವರಿ 17

ಸಿಡುಕಿಗೆ,

ಬಂತಪ್ಪಾ ಬಂತು! ಎರಡು ವರ್ಷದ ಮೇಲೆ ಮಗಳ ಕಾಗದ ಬಂತು! ಯಾಕೆ ಬಂತು? ಅಪ್ಪ ಇದ್ದಾನೋ ಇಲ್ಲವೋ ಎಂದು ಕೇಳಲಿಕ್ಕೆ ಬಂತೇ? ಇಲ್ಲ! ರೇಡಿಯೇಟರ್ ಕೇಳಲಿಕ್ಕೆ ಬಂತು! ನಿಮ್ಮತ್ತೆ ಬಾಗಿಲಿಗೆ ಆತುಕೊಂಡು, "ಏನಂತೆ ಅಣ್ಣಾ, ಏನಂತೆ?" ಎಂದಳು. "ಯಾವುದೋ ಗಿರಾಕಿ" ಎಂದೆ.

ಒಂದೂವರೆ ಲೋಟ ನೀರು! ನಲವತ್ತು ವರ್ಷ ಲಾರಿಗಳಿಗೆ ಕೊಡಗಟ್ಟಲೆ ಹುಯ್ದ ಈ ಕೈಗೆ ಒಂದೂವರೆ ಲೋಟದ ರೇಡಿಯೇಟರ್! ಗುಬ್ಬಿಗೆ ಲಾಳ ಹೊಡೆ ಎನ್ನುತ್ತೀಯಾ?

ರಂಗದ ಮೇಲೆ ಕತ್ತಲೆಯಾಯಿತೇ? ನಾಲ್ಕು ನಿಮಿಷವೇ? ಆಹಾ! ಈಗ ತಿಳಿಯಿತೇ, ಮಾತಿನ ನಡುವೆ ಕತ್ತಲೆ ಬಿದ್ದವನ ಪಾಡು? ನಿನ್ನ ಡಬ್ಬಿಯಾದರೂ ಮೈ ಕಾದು ಆರಿತು. ನೀನು? ತಣ್ಣಗೆ ಕೂತು, ಒಂದು ಬೆರಳು ಚಾಚಿ, ಹೆತ್ತ ಅಪ್ಪನ ಮೇಲೆ ಕತ್ತಲೆ ಸುರಿದೆ. ಎದುರಿಗೆ ಆರುನೂರು ಜನ. ನಾನು ರಾಜ. ಮಾತು ಇನ್ನೂ ಬಾಯಲ್ಲಿತ್ತು! ಮಾರನೇ ದಿನದಿಂದ ನನ್ನ ಪಾರ್ಟು ಬೇರೆಯವನಿಗೆ ಹೋಯಿತು.

ಈ ವಿಷಯ ಬರೆಯಕೂಡದು ಎಂದುಕೊಂಡೇ ಪೆನ್ನು ಹಿಡಿದಿದ್ದೆ. ಬರೆದಾಯಿತು. ಹೊಡೆದು ಹಾಕುವುದಿಲ್ಲ, ಇರಲಿ.

ಇನ್ನು ಕೆಲಸದ ಮಾತು. ಅಳತೆಯನ್ನು ಅಂಕಿಯಲ್ಲಿ ಬರೆದರೆ ನಾನು ನಂಬುವವನಲ್ಲ. ರಟ್ಟನ್ನು ಕತ್ತರಿಸಿ, ಡಬ್ಬಿಯೊಳಗೆ ಕೂರಿಸಿ ನೋಡಿ, ಆ ರಟ್ಟನ್ನೇ ಕಳಿಸು. ಮೂತಿಯ ಥ್ರೆಡ್ ಎಷ್ಟು ತಿಳಿಸು. ಮತ್ತೆ ಆ ಬಾಡಿಗೆಯವನು ಯಾರು? ಅವನ ಯಂತ್ರದಲ್ಲಿ ಏನು ಮಹಾ ಇದೆ?

ಮಾಡುತ್ತೇನೆ ಎಂದು ನಾನಿನ್ನೂ ಹೇಳಿಲ್ಲ.

ಇಂತಿ, ನಿನ್ನ ದನಿ ಕೇಳದವನು,
ಅಪ್ಪ


ಜನವರಿ 25

ಅಪ್ಪಾ,

ರಟ್ಟು ಇದರ ಜೊತೆಗಿದೆ. ಕೆಂಪು ಗೆರೆಯ ಮೂಲೆ ಇರಕೂಡದು. ದಪ್ಪ ಐವತ್ತು ಮಿಲಿಮೀಟರ್, ಅದರ ಮೇಲೆ ಒಂದು ಕಾಗದದಷ್ಟೂ ಜಾಗವಿಲ್ಲ. ಎರಡೂ ಮೂತಿ ಒಂದೇ ಪಕ್ಕಕ್ಕೆ. ಥ್ರೆಡ್ ಕಾಲಿಂಚು. ಮತ್ತೊಮ್ಮೆ ಬರೆಯುತ್ತೇನೆ: ಕಾಲಿಂಚು. ನನ್ನ ತಾಮ್ರದ ಬಿಲ್ಲೆಯ ಒಳಗಿನ ಹಲ್ಲುಗಳ ಸಂದಿ ಕೂದಲಿಗಿಂತ ಸ್ವಲ್ಪ ಅಗಲ, ಅಷ್ಟೇ. ಬೇರೆ ಲೋಹ ಸೇರಿದರೆ ಕಿಲುಬು ಎದ್ದು ಅದು ಕಟ್ಟಿಕೊಳ್ಳುತ್ತದೆ, ಅದಕ್ಕೇ ನಿನ್ನ ಹಿತ್ತಾಳೆ ತಾಮ್ರವೇ ಬೇಕು. ನೀರು ಬ್ಯಾಟರಿಗೆ ಹುಯ್ಯುವ ನೀರು.

ಬಾಡಿಗೆಯವನನ್ನು ನಾವು ಬೀರು ಎಂದು ಕರೆಯುತ್ತೇವೆ, ಅವನ ಯಂತ್ರ ಬಟ್ಟೆಯ ಬೀರುವಿನಷ್ಟಿದೆ. ಏಳು ಫ್ಯಾನು. ಶುರು ಮಾಡಿದರೆ ಹಿಟ್ಟಿನ ಗಿರಣಿ. ಮೇಷ್ಟ್ರು ಅವನನ್ನು ಈಗಲೇ ತಾಲೀಮಿಗೆ ಬರಹೇಳಿದ್ದಾರೆ; ನನ್ನ ಡಬ್ಬಿಯನ್ನು ನೋಡಿದವನೇ, "ಏನಮ್ಮಾ, ಊಟದ ಡಬ್ಬಿ ತಂದಿದ್ದೀಯಾ, ಕೊಡು, ಹಸಿವಾಗಿದೆ" ಎಂದ. "ಬಿಸಿಯಾಗಿದೆ, ಕೈ ಸುಟ್ಟುಕೊಂಡೀಯಾ" ಎಂದೆ.

ಹೊಸ ನಾಟಕದಲ್ಲಿ ಒಂದು ಕೋಟೆ. ಶತ್ರುಗಳು ಒಳನುಗ್ಗುತ್ತಾರೆ, ಮುದಿ ಕಾವಲುಗಾರನೊಬ್ಬ ಒಳಬಾಗಿಲ ಕೀಲಿ ಕೊಡುವುದಿಲ್ಲ ಎನ್ನುತ್ತಾನೆ. ಆ ಪಾರ್ಟಿಗೆ ಮೇಷ್ಟ್ರಿಗೆ ಇನ್ನೂ ಯಾರೂ ಸಿಕ್ಕಿಲ್ಲ.

ಆ ದಿನದ ಬಗ್ಗೆ ನೀನು ಬರೆದದ್ದು ಓದಿದೆ. ನನ್ನ ಕಡೆಯಿಂದ ಸೇರಿಸುವುದೇನೂ ಇಲ್ಲ. ಆರಿಸಿದ್ದು ನಾನೇ.

ಸಿಡುಕಿ


ಫೆಬ್ರವರಿ 14

ಮಗಳೇ,

ತೆರೆಯುವಾಗ ನಿಧಾನ! ಅದು ರೇಡಿಯೇಟರ್ ಅಲ್ಲ, ಒಡವೆ!

ಹದಿನೆಂಟು ದಿನ. ಈಗಿನ ಗಾಡಿಗಳ ರೇಡಿಯೇಟರಿಗೆ ಪ್ಲಾಸ್ಟಿಕ್ ತಲೆ, ಒಡೆದರೆ ಬಿಸಾಡುತ್ತಾರೆ. ನನ್ನ ಬೆಸುಗೆಯ ಕೋಲು ವಾರಕ್ಕೆ ಒಂದು ಸಲ ಬಿಸಿಯಾದರೆ ಹೆಚ್ಚು. ಅದಕ್ಕೇ ಪುರಸೊತ್ತಿತ್ತು, ನಿನಗಾಗಿ ಅಲ್ಲ. ಹಳೆಯ ಬಸ್ಸಿನ ರೇಡಿಯೇಟರಿನ ಪದರಗಳನ್ನು ಬಿಡಿಸಿ, ಕತ್ತರಿಸಿ, ಒಂದೊಂದನ್ನೂ ಮತ್ತೆ ಬಾಚಿದ್ದೇನೆ. ಮೂಲೆ ಕಡಿದ ಜಾಗದಲ್ಲಿ ನೀರಿನ ತೊಟ್ಟಿಯನ್ನು ಓರೆಯಾಗಿ ಮಡಚಿದೆ. ನಿಮ್ಮತ್ತೆ ನೋಡಿ, "ಅಯ್ಯೋ, ಎಷ್ಟು ಮುದ್ದಾಗಿದೆ, ಇದರಲ್ಲಿ ಏನಿಡೋದು?" ಎಂದಳು. "ನಾಟಕ" ಎಂದೆ.

ಅಂದ ಹಾಗೆ ಮೂತಿಯ ಥ್ರೆಡ್ ಎಷ್ಟೆಂದು ನೀನು ತಿಳಿಸಲೇ ಇಲ್ಲ. ಕಾಲಿಂಚು ಇರಬೇಕೆಂದು ಅಂದಾಜಿನ ಮೇಲೆ ಹಾಕಿದ್ದೇನೆ. ಇಷ್ಟು ಮುಖ್ಯವಾದದ್ದನ್ನು ಬರೆಯಲು ಮರೆತರೆ ಹೇಗೆ?

ನನ್ನ ಅಂಗಡಿಯ ಪದ್ಧತಿ ನಿನಗೆ ಗೊತ್ತು. ನಾಟಕಕ್ಕೆ ಮೂರು ಗಂಟೆ ಬಾರಿಸದೆ ಪರದೆ ಏಳುವುದಿಲ್ಲ, ಇಲ್ಲಿ ಮೂರು ಬಿಸಿನೀರು ಕಾಣದೆ ರೇಡಿಯೇಟರ್ ಹೊಸ್ತಿಲು ದಾಟುವುದಿಲ್ಲ. ಒಳಗಿನ ಬೆಸುಗೆ ಪೇಸ್ಟು, ಪುಡಿ, ಜಿಡ್ಡು ಎಲ್ಲ ಹೋಗಬೇಕು. ಮೂರನೇ ನೀರು ಲೋಟಕ್ಕೆ ಬಿಟ್ಟು, ಬೆಳಕಿಗೆ ಹಿಡಿದು, ಆಮೇಲೆ ಕೆಲಸದ ಚೀಟಿಯನ್ನು ಗೋಡೆಯ ಮೊಳೆಗೆ ಚುಚ್ಚುವುದು. ನಲವತ್ತು ವರ್ಷದಲ್ಲಿ ಒಂದೇ ಒಂದು ದೂರು ಬಂದಿಲ್ಲ. ಕಣ್ಣು ಮುಚ್ಚಿ ಜೋಡಿಸು!

ಆ ಬೀರುವಿಗೆ ಹೇಳು: ಅಪ್ಪ ಕಳಿಸಿದ್ದಾನೆ ಎಂದು.

ಇಂತಿ, ನಿನ್ನ ದನಿಯನ್ನು ಈಗಲೂ ಕೇಳದವನು,
ಅಪ್ಪ


ಫೆಬ್ರವರಿ 22

ಅಪ್ಪಾ,

ಬಂತು. ಕೂತಿತು. ಚೆನ್ನಾಗಿದೆ.

ಸಿಡುಕಿ


ಮಾರ್ಚ್ 2

ಚಿನ್ನೂ,

ನಾನು ನಿನ್ನ ಅತ್ತೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಬೇಜಾರು ಮಾಡ್ಕೋಬೇಡ. ಫೋನಿನಲ್ಲಿ ಹೇಳೋಣ ಅಂದರೆ ನಿಮ್ಮಪ್ಪ ಪಕ್ಕದಲ್ಲೇ ಸುಳೀತಿರ್ತಾನೆ. ನಿನ್ನ ದನಿ ಕೇಳಕೂಡದು ಅಂತ ಶಪಥ, ಆದರೆ ನಾನು ಫೋನು ಎತ್ತಿದರೆ ಸಾಕು, ಕಿವಿ ನೆಟ್ಟಗಾಗುತ್ತೆ.

ನಿನ್ನ ಕಾಗದ ಬಂದ ಮೇಲೆ ಅವನು ಸಪ್ಪಗಿದ್ದಾನೆ. ಮೂರು ಮಾತಿನ ಕಾಗದವನ್ನು ಮೂವತ್ತು ಸಲ ಓದಿದ. "ಇದು ಅವಳ ಕಾಗದ ಅಲ್ಲ" ಅಂತಾನೆ.

ಒಂದು ವಿಷಯ ನಿನಗೆ ಹೇಳಲೇಬೇಕು. ನಿನ್ನ ರೇಡಿಯೇಟರನ್ನು ಅವನು ತೊಳೆದದ್ದು ನಾನು ನೋಡಲಿಲ್ಲ. ಯಾವಾಗಲೂ ಅಂಗಡಿಯಿಂದ "ಬಿಸಿನೀರು ಒಂದು!" ಅಂತ ಬೀದಿ ನಡುಗುವ ಹಾಗೆ ಕೂಗ್ತಾನೆ, ನಾನು ಕೊಡ ಹೊತ್ತುಕೊಂಡು ಓಡ್ತೀನಿ. ಈ ಸಲ ಒಂದೂ ಇಲ್ಲ, ಎರಡೂ ಇಲ್ಲ, ಮೂರೂ ಇಲ್ಲ. ಸಣ್ಣದಲ್ಲವಾ, ತಾನೇ ಕಾಯಿಸಿಕೊಂಡನೇನೋ ಅಂದುಕೊಂಡೆ. ಈಗ ಯಾಕೋ ಮನಸ್ಸು ತಡೀತಿಲ್ಲ.

ಅಂಗಡಿಯ ಡ್ರಾಯರ್‌ಗಳಿಗೆಲ್ಲ ಚೀಟಿ ಅಂಟಿಸಿದ್ದಾನೆ. ಒಂದರ ಮೇಲೆ "ಸ್ಪ್ಯಾನರ್". ತೆಗೆದರೆ ಸ್ಪ್ಯಾನರೇ ಇದೆ. ನಲವತ್ತು ವರ್ಷದಿಂದ ಅಲ್ಲೇ ಇದೆ. ಬರೆಯೋದು ಯಾಕೆ ಬೇಕಿತ್ತು?

ನಿನ್ನ ಅತ್ತೆ


ಮಾರ್ಚ್ 8

ಅತ್ತೇ,

ನಿನ್ನ ಅನುಮಾನ ಸರಿ. ಅಪ್ಪನಿಗೆ ಹೇಳಬೇಡ, ನನ್ನಾಣೆ.

ಜೋಡಿಸಿದ ಮೊದಲ ದಿನ ಡಬ್ಬಿ ಹಿಮದಂತಿತ್ತು. ನಾನು ಕುಣಿದಾಡಿದೆ. ಮೂರನೇ ದಿನ ತಾಲೀಮಿನ ನಡುವೆ ಕಾವು ಏರತೊಡಗಿತು. ಎಂಬತ್ತು, ತೊಂಬತ್ತು, ನೂರು. ಕತ್ತಲೆ. ಬೀರು ಹಿಂದಿನಿಂದ, "ಊಟ ಸೀದು ಹೋಯ್ತಾ?" ಎಂದ. ಮೇಷ್ಟ್ರು ಗೋಡೆಯ ಕ್ಯಾಲೆಂಡರ್ ನೋಡಿದರು, ಅಷ್ಟೇ.

ಬಿಚ್ಚಿದೆ. ಕೊಳವೆಯಲ್ಲಿ ನೀರು ಹಸಿರು ಲೋಳೆಯಾಗಿತ್ತು. ತಾಮ್ರದ ಬಿಲ್ಲೆಯ ಹಲ್ಲುಗಳ ನಡುವೆ ಕಂದು ಜಿಡ್ಡು ಹೆಪ್ಪುಗಟ್ಟಿ ಒಂದು ಹನಿಯೂ ಹಾಯುತ್ತಿರಲಿಲ್ಲ. ಮೂಸಿದೆ. ಅಪ್ಪನ ಅಂಗಡಿಯ ವಾಸನೆ. ಬೆಸುಗೆ ಪೇಸ್ಟು. ತಪ್ಪು ನನ್ನದೂ ಹೌದು: ಹೊಸ ರೇಡಿಯೇಟರ್ ಎಲ್ಲಿಂದ ಬಂದರೂ ತೊಳೆದೇ ಹಾಕಬೇಕು ಎಂದು ಈ ಕೆಲಸದವರೆಲ್ಲ ಹೇಳುತ್ತಾರೆ. ನಾನು ತೊಳೆಯಲಿಲ್ಲ. ಅಪ್ಪ ತೊಳೆದದ್ದನ್ನು ಮತ್ತೆ ತೊಳೆಯುವುದೆಂದರೆ ಅವನ ಮುಖಕ್ಕೆ ಹೊಡೆದಂತೆ ಎಂದು ಈ ಮನೆಯಲ್ಲಿ ಬೆಳೆದವರಿಗೆ ಮಾತ್ರ ಅನಿಸುತ್ತದೆ.

ನಲ್ಲಿಯ ಕೆಳಗೆ ಕೂತು ನಾನೇ ತೊಳೆದೆ. ಬಿಸಿನೀರು ಒಂದು, ಬಿಸಿನೀರು ಎರಡು, ಬಿಸಿನೀರು ಮೂರು. ಪಕ್ಕದ ಕೋಣೆಯವರಿಗೆ ಕೇಳಬಾರದೆಂದು ಮೆಲ್ಲಗೆ ಹೇಳಿಕೊಂಡೆ. ಹಲ್ಲುಜ್ಜುವ ಬ್ರಷ್ಷಿನಿಂದ ತಾಮ್ರದ ಹಲ್ಲನ್ನೂ ಉಜ್ಜಿದೆ. ಆಮೇಲೆ ಅಪ್ಪನಿಗೆ "ಚೆನ್ನಾಗಿದೆ" ಎಂದು ಬರೆದೆ. ಬೇರೇನು ಬರೆಯಲಿ?

ಈಗ ನಿನಗೊಬ್ಬಳಿಗೇ ಹೇಳುತ್ತೇನೆ. ಎರಡು ವರ್ಷದ ಹಿಂದೆ ಆ ದಿನ, ರಾಜ ಕೈ ಎತ್ತಿದ. ಕೈ ಎತ್ತಿದಲ್ಲೇ ಉಳಿಯಿತು. ತುಟಿ ಅಲುಗುತ್ತಿತ್ತು, ಮಾತು ಬರಲಿಲ್ಲ. ನಾನು ಮೂವತ್ತರವರೆಗೆ ಎಣಿಸಿದೆ. ಮೂರನೇ ಸಾಲಿನಲ್ಲಿ ಯಾರೋ ನಕ್ಕರು. ಆ ನಗು ಅಪ್ಪನನ್ನು ಮುಟ್ಟುವ ಮೊದಲೇ ಆರಿಸಿಬಿಟ್ಟೆ. ಅಪ್ಪ ಮರೆತ ರಾಜ ಅನ್ನಿಸಿಕೊಳ್ಳುವುದಕ್ಕಿಂತ ಮಗಳು ಕೆಟ್ಟವಳು ಅನ್ನಿಸಿಕೊಳ್ಳಲಿ ಬಿಡು.

ಸಿಡುಕಿ


ಮಾರ್ಚ್ 15

ಎಲೇ ಮಗಳೇ!

ಈ ಅಪ್ಪನಿಗೇ ಸುಳ್ಳು ಬರೆಯುವಷ್ಟು ದೊಡ್ಡವಳಾದೆಯಾ?

ನಿಮ್ಮತ್ತೆ ಬಾಯಿ ಬಿಟ್ಟಿಲ್ಲ. ಕೇಳಿದರೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋಗುತ್ತಾಳೆ. ನನಗೆ ಹೇಳಿದ್ದು ನಿನ್ನ ಕಾಗದವೇ! ನಾಲ್ಕು ವರ್ಷದವಳಿದ್ದಾಗ ನಾನು ಕಟ್ಟಿದ ಜಡೆಯನ್ನು ಬಿಚ್ಚಿ "ಸೊಟ್ಟಗಿದೆ" ಎಂದವಳು ನೀನು. ನಿನ್ನ ಸೈಕಲ್ಲಿಗೆ ನಾನು ಹಾಕಿದ ಬೆಸುಗೆ ಒರಟು ಎಂದು ಅರ ಹಾಕಿ ಉಜ್ಜಿದವಳು ನೀನು. ಅಂಥವಳು ಹದಿನೆಂಟು ದಿನದ ಕೆಲಸವನ್ನು ನೋಡಿ ಒಂದು ಕೊಂಕೂ ತೆಗೆಯದೆ "ಚೆನ್ನಾಗಿದೆ" ಎಂದರೆ ಏನರ್ಥ? ಕೆಟ್ಟಿದೆ ಎಂದು ಅರ್ಥ! ಹೇಳಲಾರದಷ್ಟು ಕೆಟ್ಟಿದೆ ಎಂದು ಅರ್ಥ!

ಅಂಗಡಿಗೆ ಹೋದೆ. ಮೊಳೆ ನೋಡಿದೆ. ನಿನ್ನ ಚೀಟಿ ಇಲ್ಲ. ಕೋಟಿನ ಜೇಬಿಗೆ ಕೈ ಹಾಕಿದೆ. ಇದೆ. ಗರಿಗರಿಯಾಗಿ, ಒಂದು ತೂತಿಲ್ಲದೆ. ಮೂರು ಬಿಸಿನೀರು ಎಂದು ನಿನಗೆ ಭಾಷಣ ಬಿಗಿದು ಬರೆದ ದಿನ, ಆ ಚೀಟಿ ನನ್ನ ಎದೆಯ ಮೇಲೇ ಕೂತಿತ್ತು. ತೊಳೆದೆ ಎಂದೇ ನಾನು ನಂಬಿದ್ದೆ, ಮಗಳೇ. ಕೊಡ ಇಳಿಸಿದ ನೆನಪು, ಲೋಟ ಬೆಳಕಿಗೆ ಹಿಡಿದ ನೆನಪು, ಎಲ್ಲ ಇದೆ. ಯಾವುದೋ ಬೇರೆ ವರ್ಷದ ನೆನಪು.

ವೈದ್ಯರಿಗೆ ತೋರಿಸಿ ಒಂದೂವರೆ ವರ್ಷವಾಯಿತು. ಮರೆವಿನ ಕಾಯಿಲೆ, ಇನ್ನೂ ಮೊದಲ ಮೆಟ್ಟಿಲು ಎಂದರು. "ಎಷ್ಟು ಮೆಟ್ಟಿಲು?" ಎಂದೆ. ಅವರು ಕನ್ನಡಕ ಒರೆಸಿದರು.

ಈಗ ಕೇಳು. ಆ ದಿನ ಮಾತು ಬಾಯಲ್ಲಿತ್ತು ಎಂದು ಬರೆದಿದ್ದೆ. ಸುಳ್ಳು. ಬಾಯಿ ಖಾಲಿಯಿತ್ತು. ನೀನು ಯಾಕೆ ಆರಿಸಿದೆ ಎಂದು ಆ ಕ್ಷಣವೇ ನನಗೆ ಗೊತ್ತಿತ್ತು. ನನ್ನ ಸಿಟ್ಟು ಅದಕ್ಕೇ! ನಿಂತಿದ್ದವನು ನಾನು. ನಕ್ಕರೆ ನಗಲಿ, ನಗುವವರ ಕಣ್ಣಿಗೆ ಕಣ್ಣು ಕೊಟ್ಟು ನಿಲ್ಲುತ್ತಿದ್ದೆ. ಬಿದ್ದವನ ಮೇಲೆ ಬೇಕಾದರೆ ಕತ್ತಲೆ ಎಳೆ. ನಿಂತವನ ಮೇಲೆ ಎಳೆಯಬೇಡ. ಈಗ "ಚೆನ್ನಾಗಿದೆ" ಎಂದು ಎಳೆದಿದ್ದೀಯಲ್ಲ, ಅದೂ ಅದೇ ಕತ್ತಲೆ.

ತೊಳೆದೆಯಾ? ಎಷ್ಟು ಸಲ? ಮೂರನೇ ನೀರು ಹೇಗಿತ್ತು? ಕಾವು ಎಷ್ಟಕ್ಕೆ ನಿಂತಿದೆ? ಸರಿಯಾಗಿ ಬೈದು ಬರೆ.

ಮತ್ತೆ ಮೇಷ್ಟ್ರಿಗೆ ಹೇಳು. ಆ ಕಾವಲುಗಾರನ ಪಾರ್ಟು ನನಗೆ ಬೇಕು. ಕೇಳುತ್ತಿಲ್ಲ, ಹೇಳುತ್ತಿದ್ದೇನೆ!

ಇಂತಿ, ಇನ್ನೂ ನಿಂತಿರುವ,
ಅಪ್ಪ


ಮಾರ್ಚ್ 21

ಅಪ್ಪಾ,

ಬೈದು ಬರೆಯುತ್ತೇನೆ, ಹಿಡಿದುಕೋ.

ನಿನ್ನ ಒಡವೆ ನನ್ನ ತಾಮ್ರದ ಬಿಲ್ಲೆಯ ಬಾಯಿ ಕಟ್ಟಿಸಿತು. ಎಡಗಡೆಯ ಬೆಸುಗೆ ನುಣುಪಿಲ್ಲ. ತೊಟ್ಟಿಯ ಓರೆ ಒಂದು ಮಿಲಿಮೀಟರ್ ಹೆಚ್ಚಾಗಿ ನಾನು ಡಬ್ಬಿಯ ಅಂಚನ್ನು ಅರ ಹಾಕಬೇಕಾಯಿತು. ಥ್ರೆಡ್ ಕಾಲಿಂಚು ಎಂದು ಎರಡು ಸಲ ಬರೆದಿದ್ದೆ, ಆ ಕಾಗದ ನಿನ್ನ ಹತ್ತಿರವೇ ಇದೆ, ತೆಗೆದು ನೋಡು. ತೊಳೆದೆ, ಮೂರು ಸಲ. ಮೂರನೇ ನೀರು ಕಣ್ಣೀರಿನಷ್ಟು ತಿಳಿ.

ಸಮಾಧಾನವಾಯಿತೇ?

ಆಮೇಲೆ ಮತ್ತೆ ಜೋಡಿಸಿದೆ. ಒಂದೊಂದು ಕೀಲಿನ ಕೆಳಗೂ ತೆಳು ಕಾಗದ ಹಾಸಿ, ಪಂಪೊಂದನ್ನೇ ಓಡಿಸಿ ಇಡೀ ದಿನ ಕಾದೆ. ಒಂದು ಕಾಗದವೂ ತೇವವಾಗಲಿಲ್ಲ. ಡಬ್ಬಿಯನ್ನು ಮಗುವಿನಂತೆ ಎತ್ತಿ ಆ ಕಡೆ ಈ ಕಡೆ ವಾಲಿಸಿದೆ, ಒಳಗಿದ್ದ ಗಾಳಿ ಗುಳುಗುಳು ಎಂದು ಹೊರಗೆ ಬಂತು. ನಿನ್ನೆ ಮಧ್ಯಾಹ್ನ ಮೇಷ್ಟ್ರ ಎದುರಿಗೆ ಪರೀಕ್ಷೆ. ಮೂರು ಗಂಟೆ, ಬೆಂಕಿಯ ದೃಶ್ಯವನ್ನೇ ಬಿಡದೆ ಓಡಿಸಿದೆ. ಅರವತ್ತೆಂಟು ಡಿಗ್ರಿಗೆ ನಿಂತಿತು. ನಿಂತದ್ದು ಅಲುಗಲಿಲ್ಲ. ಬೀರು ನೆಲಕ್ಕೆ ಬಗ್ಗಿ ಡಬ್ಬಿಗೆ ಕಿವಿಯಿಟ್ಟ. "ಆನ್ ಆಗಿದೆಯಾ?" ಎಂದ. ನನಗೆ ಅಷ್ಟು ಸಾಕಿತ್ತು.

ನಿನ್ನ ಪಾರ್ಟಿನ ವಿಷಯ. ಮೇಷ್ಟ್ರಿಗೆ ಎಲ್ಲ ಹೇಳಿದೆ, ವೈದ್ಯರ ಮಾತೂ ಸೇರಿ. "ಮರೆತರೆ?" ಎಂದರು. "ಮರೀಬಹುದು" ಎಂದೆ. "ಮೊದಲನೇ ಆಟ ಕಣಮ್ಮಾ, ಹಾಳಾದ್ರೆ ಅಪ್ಪ ಮಗಳು ಇಬ್ಬರಿಗೂ ಈ ಬಾಗಿಲು ಮುಚ್ಚಿತು." "ಆ ರೇಡಿಯೇಟರ್ ಮಾಡಿದ್ದು ಅಪ್ಪ. ಅಪ್ಪನಿಗೆ ಪಾರ್ಟಿಲ್ಲ ಅಂದ್ರೆ ಈಗಲೇ ಬಿಚ್ಚಿ ಕೈಗೆ ಕೊಡ್ತೀನಿ, ನೀವು ಗಿರಣಿ ಇಟ್ಕೊಂಡು ನಾಟಕ ಆಡಿ" ಎಂದೆ. ಮೇಷ್ಟ್ರು ನನ್ನನ್ನು ನೋಡಿ, "ಥೇಟ್ ಅವನೇ" ಎಂದರು. ಬೈದರೋ ಹೊಗಳಿದರೋ ಗೊತ್ತಿಲ್ಲ. ಪಾರ್ಟು ನಿನ್ನದು.

ಮಾತು ಹನ್ನೊಂದು ಸಾಲು. ಕಳಿಸಿದ್ದೇನೆ. ಕಿವಿಯೊಳಗೆ ಕೂರುವ ಒಂದು ಸಣ್ಣ ಸ್ಪೀಕರ್ ಇದೆ, ಯಾರಿಗೂ ಕಾಣುವುದಿಲ್ಲ. ಸಾಲು ತಪ್ಪಿದರೆ ಡಬ್ಬಿಯಿಂದಲೇ ಹೇಳಿಸುತ್ತೇನೆ. ನನ್ನ ದನಿ ಬೇಡವಾದರೆ ಮೇಷ್ಟ್ರ ದನಿ.

ಸಿಡುಕಿ


ಮಾರ್ಚ್ 26

ಮಗಳೇ,

ಆಹಾ, ಬೈಗುಳ ಎಂದರೆ ಇದು! ನಿಮ್ಮತ್ತೆಗೆ ಎರಡು ಸಲ ಓದಿ ಹೇಳಿದೆ. "ಎಡಗಡೆಯ ಬೆಸುಗೆ ನುಣುಪಿಲ್ಲ" ಎಂಬಲ್ಲಿ ನನಗೆ ಹಸಿವಾಯಿತು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಕಿವಿಯ ಸ್ಪೀಕರ್ ಬೇಡ. ಹನ್ನೊಂದು ಸಾಲನ್ನೂ ಕಲಿಯುತ್ತಿದ್ದೇನೆ. ಬೆಳಿಗ್ಗೆ ಹತ್ತು ಬರುತ್ತದೆ, ಸಂಜೆ ಏಳು. "ಕೋಟೆ ರಾಜನದು, ಅನ್ನ ರಾಜನದು, ಈ ಕೀಲಿ ಹಿಡಿದ ಕೈ ಮಾತ್ರ ನನ್ನದು!" ಎಂಬ ಸಾಲು ಮಾತ್ರ ಮೊಳೆ ಹೊಡೆದ ಹಾಗೆ ಕೂತಿದೆ. ಮುಂದಿನದು ಬಂದರೆ ಬರಲಿ. ಬರದಿದ್ದರೆ ನಿಲ್ಲುತ್ತೇನೆ. ನಿಲ್ಲುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ನನ್ನದು ಒಂದೇ ಷರತ್ತು. ಏನೇ ಆಗಲಿ, ಯಾರೇ ನಗಲಿ, ಬೆಳಕು ಆರಿಸಬೇಡ. ಬರೆದು ಕೊಡು. ಬಾಯಿಮಾತು ನನಗೆ ಲೆಕ್ಕಕ್ಕಿಲ್ಲ. ಶಪಥ ಇನ್ನೂ ಇದೆ.

ಅಪ್ಪ


ಮಾರ್ಚ್ 30

ಅಪ್ಪಾ,

ಆರಿಸುವುದಿಲ್ಲ.

ಸಿಡುಕಿ


ಏಪ್ರಿಲ್ 6

ಅತ್ತೇ,

ನೀನು ಬರಬೇಕಿತ್ತು. ನಿನ್ನ ಕಾಲು ನೋವಿಗೆ ಬೆಂಕಿ ಬೀಳಲಿ.

ಅಪ್ಪ ಎರಡು ದಿನ ಮೊದಲೇ ಬಂದ. ಬಂದವನು ಎಲ್ಲರನ್ನೂ ಗದರಿಸಿ ಮಾತನಾಡಿಸಿದ, ಬೀರುವನ್ನೂ ಸೇರಿಸಿ. ನನ್ನ ಹತ್ತಿರ ಬಂದು, ಛಾವಣಿ ನೋಡುತ್ತಾ, "ಇಲ್ಲಿ ದೀಪದವರು ಯಾರೋ ಇದ್ದಾರಂತಲ್ಲ, ನನ್ನ ಮುಖಕ್ಕೆ ಸ್ವಲ್ಪ ಹಳದಿ ಹೆಚ್ಚಾಯಿತೇ ಎಂದು ಯಾರಾದರೂ ಕೇಳಿ" ಎಂದ. ನಾನೂ ಬಾಯಿ ಬಿಡಲಿಲ್ಲ. ಶಪಥ ಅವನದು, ಮೊದಲು ಅವನೇ ಮುರಿಯಲಿ. ಅವನ ನೆತ್ತಿಯ ಮೇಲಿನ ದೀಪವನ್ನು ಒಂದು ಸಲ ಮಿಣುಕಿಸಿದೆ: ಹೌದು. ಎರಡು ದಿನವೂ ಹಾಗೇ ನಡೆಯಿತು. ಒಂದು ಮಿಣುಕು ಹೌದು, ಎರಡು ಇಲ್ಲ. ಮೇಷ್ಟ್ರು ತಲೆಗೆ ಕೈ ಹೊತ್ತು, "ನಿಮ್ಮ ವಂಶಕ್ಕೇ ಹುಚ್ಚು" ಎಂದರು.

ಆಟದ ದಿನ ಸಭೆ ತುಂಬಿತ್ತು. ಡಬ್ಬಿ ಅರವತ್ತೇಳರಲ್ಲಿತ್ತು. ಸೇನಾಪತಿ ಕತ್ತಿ ಹಿಡಿದು ಬಂದ, ಕೀಲಿ ಕೊಡು ಎಂದ. ಅಪ್ಪ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಮೊದಲ ಎರಡು ಸಾಲು ತಪ್ಪದೆ ಹೇಳಿ, ಮೂರನೆಯದಾಗಿ "ಕೋಟೆ ರಾಜನದು, ಅನ್ನ ರಾಜನದು, ಈ ಕೀಲಿ ಹಿಡಿದ ಕೈ ಮಾತ್ರ ನನ್ನದು!" ಎಂದು ಗುಡುಗಿದ. ಅತ್ತೇ, ಮೇಲಿನ ದೀಪದ ಗಾಜು ನಡುಗಿತು.

ಆಮೇಲೆ ನಿಂತ.

ನನಗೆ ಗೊತ್ತಾಯಿತು. ಅದೇ ಎತ್ತಿದ ಕೈ, ಅದೇ ತುಟಿ. ಎಣಿಸಲು ಶುರು ಮಾಡಿದೆ. ಹತ್ತು. ಬೀರು ಹಿಂದೆ ನಿಂತು, "ಆರಿಸಮ್ಮಾ, ಪಾಪ, ಆರಿಸು" ಎಂದು ಪಿಸುಗುಟ್ಟಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಇಪ್ಪತ್ತು. ನನ್ನ ಬೆರಳು ಆ ಗುಂಡಿಯ ಮೇಲೇ ಇತ್ತು. ಎತ್ತಿ ಬಾಯೊಳಗೆ ಇಟ್ಟು ಕಚ್ಚಿಕೊಂಡೆ. ಸಭೆಯಲ್ಲಿ ಎಷ್ಟು ಮೌನವೆಂದರೆ, ಬೀರುವಿನ ಯಂತ್ರವಿದ್ದಿದ್ದರೆ ಅದರ ಏಳು ಫ್ಯಾನೂ ಅಪ್ಪನ ಮೇಲೆ ನಗುತ್ತಿದ್ದವು. ನನ್ನ ಸ್ಟೂಲಿನ ಕೆಳಗೆ ಒಂದು ಉಸಿರೂ ಇಲ್ಲ. ಮೂವತ್ತು. ಮೂವತ್ತೊಂದು.

ಅಪ್ಪ ಸಭೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ಕೀಲಿಯನ್ನು ನಿಧಾನವಾಗಿ ಬಾಯಿಗೆ ತಂದು, ಹಲ್ಲಿನ ನಡುವೆ ಕಚ್ಚಿದ. ಕೈ ಎರಡೂ ಕಟ್ಟಿಕೊಂಡ. ಬಾಗಿಲಿಗೆ ಒರಗಿ, ಕಾಲು ಅಗಲಿಸಿ ನಿಂತ.

ಸೇನಾಪತಿಯ ಪಾರ್ಟಿನವನು ಬುದ್ಧಿವಂತ. ಕತ್ತಿಯನ್ನು ಅಪ್ಪನ ಗಂಟಲಿಗೆ ಇಟ್ಟು, "ಬಾಯಿ ಬಿಡು, ಮುದುಕಾ!" ಎಂದು ಅರಚಿದ. ಅಪ್ಪ ತಲೆ ಅಲ್ಲಾಡಿಸಿದ. ಇಲ್ಲ. "ಬಿಡು!" ಇಲ್ಲ. ಹಿಂದಿನ ಸಾಲಿನಲ್ಲಿ ಒಬ್ಬಾಕೆ, "ಬಿಡಬೇಡ ಯಜಮಾನಾ!" ಎಂದು ಕೂಗಿದಳು. ಆಮೇಲೆ ಇಡೀ ಸಭೆ ಎದ್ದಿತು. ಉಳಿದ ಎಂಟು ಸಾಲು ಯಾರೂ ಆಡಲಿಲ್ಲ, ಯಾರೂ ಕೇಳಲಿಲ್ಲ. ಮೇಷ್ಟ್ರು ಆ ಎಂಟೂ ಸಾಲನ್ನು ಪುಸ್ತಕದಲ್ಲಿ ಅಡ್ಡಗೆರೆ ಎಳೆದು ಹೊಡೆದು, ಪಕ್ಕದಲ್ಲಿ "ಕೀಲಿ ಕಚ್ಚುವನು" ಎಂದು ಬರೆದುಕೊಂಡರು. ಮುಂದಿನ ಆಟಕ್ಕೂ ನನ್ನ ಡಬ್ಬಿಯೇ ಎಂದರು.

ನಾನು ವೈರು ಸುತ್ತಿ ಎದ್ದು ಬರುವಷ್ಟರಲ್ಲಿ ಅಪ್ಪ ಬಸ್ಸು ಹತ್ತಿಯಾಗಿತ್ತು. ಮನೆ ಮುಟ್ಟಿದನೇ? ಸರಿಯಾದ ಸ್ಟಾಪಿನಲ್ಲಿ ಇಳಿದನೇ?

ಸಿಡುಕಿ


ಏಪ್ರಿಲ್ 12

ಮಗಳೇ,

ಮುಟ್ಟಿದೆ. ಒಂದು ಸ್ಟಾಪು ಮುಂದೆ ಇಳಿದೆ, ನಡೆದು ಬಂದೆ, ಅದೇನು ದೊಡ್ಡ ವಿಷಯವಲ್ಲ.

ಉಳಿದ ಎಂಟು ಸಾಲೂ ಬಸ್ಸಿನಲ್ಲಿ ನೆನಪಾಯಿತು. ಎದ್ದು ನಿಂತು ಕಂಡಕ್ಟರನಿಗೆ ಹೇಳಿದೆ. ಅವನು ಪೂರ್ತಿ ಕೇಳಿ, "ಟಿಕೆಟ್ ತಗೊಳ್ಳಿ" ಎಂದ.

ಮೂವತ್ತೊಂದು ಎಣಿಸಿದೆಯಂತೆ, ಅತ್ತೆ ನಿನ್ನ ಕಾಗದ ಓದಿದಳು, ಮುಚ್ಚಿಟ್ಟಿದ್ದ ಮಾರ್ಚಿನದನ್ನೂ ಓದಿದಳು. ನಾನೂ ಎಣಿಸುತ್ತಿದ್ದೆ. ಹನ್ನೆರಡಕ್ಕೆ, ಇಗೋ ಈಗ ಕತ್ತಲೆ ಎಂದುಕೊಂಡೆ. ಬರಲಿಲ್ಲ. ಇಪ್ಪತ್ತಕ್ಕೂ ಬರಲಿಲ್ಲ. ಬೆಳಕು ಹಾಗೇ ಇತ್ತು, ಬೆನ್ನಿಗೆ ಯಾರೋ ಕೈ ಕೊಟ್ಟ ಹಾಗೆ. ಆಗಲೇ ಕೀಲಿ ಕಚ್ಚುವ ಧೈರ್ಯ ಬಂದದ್ದು. ಒಂದು ಹಲ್ಲು ಅಲುಗುತ್ತಿದೆ, ಅಲುಗಲಿ!

ಮುಂದೆ ಏನೇನು ಮರೆಯುತ್ತೇನೋ ಗೊತ್ತಿಲ್ಲ. ಪಾರ್ಟು ಮರೆಯುತ್ತೇನೆ, ಸ್ಪ್ಯಾನರ್ ಮರೆಯುತ್ತೇನೆ, ಒಂದು ದಿನ ನಿನ್ನನ್ನೂ ನೋಡಿ "ಯಾರಮ್ಮಾ ನೀನು?" ಎನ್ನಬಹುದು. ಅಂದರೆ ಅಳಬೇಡ. ಬೈ. ಎಡಗಡೆಯ ಬೆಸುಗೆ ನುಣುಪಿಲ್ಲ ಎನ್ನು. ಗೊತ್ತಾಗುತ್ತದೆ ನನಗೆ.

ಇನ್ನೊಂದು ಸುದ್ದಿ. ನಿನ್ನ ಬೀರು ಕಾಗದ ಬರೆದಿದ್ದಾನೆ. ಗಿರಣಿಯ ಸದ್ದಿಗೆ ಅವನಿಗೇ ನಾಚಿಕೆಯಾಗಿದೆಯಂತೆ, ಅವನಿಗೂ ಒಂದು ರೇಡಿಯೇಟರ್ ಬೇಕಂತೆ. ರಟ್ಟನ್ನೂ ಕಳಿಸಿದ್ದಾನೆ, ರಟ್ಟೋ ಅದು, ಬಾಗಿಲೋ! ಇನ್ನೆರಡು ವಾರದಲ್ಲಿ ಬೆಸುಗೆ ಮುಗಿಯುತ್ತದೆ. ಗೋಡೆಯ ಮೇಲೆ ಸುಣ್ಣದಲ್ಲಿ, ಲಾರಿಯ ಹಿಂದೆ ಬರೆದಷ್ಟು ದೊಡ್ಡದಾಗಿ, "ತೊಳೆದೆಯಾ?" ಎಂದು ಬರೆಸಿದ್ದೇನೆ. ಆದರೂ ಗೋಡೆಯನ್ನು ನಂಬಿ ಬದುಕಲು ನನಗಿಷ್ಟವಿಲ್ಲ.

ನಿನ್ನ ಚೀಟಿ ಈಗಲೂ ನನ್ನ ಜೇಬಿನಲ್ಲೇ ಇದೆ. ಮೊಳೆಗೆ ಚುಚ್ಚಿಲ್ಲ. ಮೂರು ಸಲ ತೊಳೆದವರು ಚುಚ್ಚಬೇಕು, ಅದು ಈ ಅಂಗಡಿಯ ಪದ್ಧತಿ; ತೊಳೆದದ್ದು ನೀನು. ಬಾ.

ಬೀರುವಿನದಕ್ಕೆ ಬಿಸಿನೀರು ಒಂದು ನಾನು ಕೂಗುತ್ತೇನೆ. ಬಿಸಿನೀರು ಎರಡೂ ನಾನೇ ಕೂಗುತ್ತೇನೆ. ಮೂರನೆಯದು ನಿನ್ನದು. ನಲ್ಲಿಯ ಕೆಳಗೆ ಕೂತು ಪಿಸುಗುಟ್ಟಿದ ಹಾಗಲ್ಲ. ಬಾಗಿಲಲ್ಲಿ ನಿಂತು, ಬೀದಿಯ ಆ ತುದಿಗೆ ಕೇಳುವ ಹಾಗೆ, ಗಂಟಲು ಹರಿಯುವ ಹಾಗೆ ಕೂಗಬೇಕು.

ನಾನು ಒಳಗೇ ಕೂತಿರುತ್ತೇನೆ. ಕಿವಿ ಮುಚ್ಚಿಕೊಳ್ಳುವುದಿಲ್ಲ.

ಇಂತಿ,
ಅಪ್ಪ